ಕಾಗದದ ಕಂಪ್ಯೂಟರಿಗೆ ಏಳು ಬಣ್ಣ

ಸೋಖಿಮ್‌ಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಬಿದಿರು ಹಸಿಯಾಗಿದ್ದರೆ ಸಿಟ್ಟು, ಅಂಟು ಗಂಟು ಕಟ್ಟಿದರೆ ಸಿಟ್ಟು, ಕತ್ತರಿಯನ್ನು ಯಾರಾದರೂ ಅತ್ತಿತ್ತ ಇಟ್ಟರಂತೂ ಓಣಿಗೆಲ್ಲ ಕೇಳಿಸುವಷ್ಟು ಸಿಟ್ಟು. ಆ ವರ್ಷ ಮಾತ್ರ ಅವಳ ಸಿಟ್ಟೆಲ್ಲ ಬಣ್ಣದ ದೀಪಗಳ ಮೇಲೆ ತಿರುಗಿತ್ತು. ಎದುರಿನ ಅಡಿಕೆ ಅಂಗಡಿಯ ಹುಡುಗಿ ಹಾಡುಹಗಲಲ್ಲೂ ನೇರಳೆ, ಹಸಿರು ಕೊಳವೆ ದೀಪಗಳನ್ನು ಉರಿಸಿಡುತ್ತಿದ್ದಳು. ಮೂಲೆಯ ಗುಡಿಯವರು ಬಾಗಿಲ ಮೇಲೆ ಅಕ್ಷರ ಓಡುವ ಹಲಗೆ ತೂಗುಹಾಕಿದ್ದರು. ದೇವರ ಮುಖಕ್ಕಿಂತ ಮೊದಲು ಅದೇ ಕಣ್ಣಿಗೆ ರಾಚುತ್ತಿತ್ತು. ಓಣಿಯ ಹುಡುಗರ ಸ್ಕೂಟರುಗಳ ಹೊಟ್ಟೆಯಡಿಯೂ ನೀಲಿ ದೀಪ. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಅವಳು ಬೈಯುತ್ತಿದ್ದಳು. ಸಾನ್‌ಚೋಂಗ್‌ನ ಆ ಓಣಿಯಲ್ಲಿ ಹಿಟ್ಟಿಗೆ ಗತಿಯಿಲ್ಲದವರು ಯಾರೂ ಇರಲಿಲ್ಲ, ಆದರೆ ಬೈಯಲು ಒಂದು ಗಾದೆ ಸಿಕ್ಕರೆ ಅವಳು ಬಿಡುವವಳಲ್ಲ.

ಅವಳ ಕಸುಬು ಸತ್ತವರಿಗೆ ಬೇಕಾದದ್ದನ್ನು ಬಿದಿರು ಕಡ್ಡಿ ಮತ್ತು ಕಾಗದದಲ್ಲಿ ಕಟ್ಟಿಕೊಡುವುದು. ಮನೆಯವರು ಅದನ್ನು ಸುಟ್ಟರೆ ಅದು ಅತ್ತ ಕಡೆಗೆ ಹೋಗಿ ಮುಟ್ಟುತ್ತದೆ. ಈ ವಿದ್ಯೆ ಅವಳಿಗೆ ಮಾವನಿಂದ ಬಂದದ್ದು. ಗಂಡನಿಗೆ ಇದರಲ್ಲಿ ಆಸಕ್ತಿಯೇ ಇರಲಿಲ್ಲ. ಅವನು ಲಾರಿ ಓಡಿಸಿಕೊಂಡಿದ್ದ; ಈಗ ಅವನಿಗೂ ಒಂದು ಕಾಗದದ ಲಾರಿ ಮುಟ್ಟಿ ಬಹಳ ವರ್ಷವಾಯಿತು. ಮೊದಲೆಲ್ಲ ಎರಡಂತಸ್ತಿನ ಮನೆ, ಬಾಗಿಲಲ್ಲಿ ಆಳು, ಅಂಗಳದಲ್ಲಿ ಕೊಕ್ಕರೆ ಕಟ್ಟುತ್ತಿದ್ದಳು. ಆಮೇಲೆ ಜನ ಫೋನು ಕೇಳಿದರು, ಮೈ ಒತ್ತುವ ಕುರ್ಚಿ ಕೇಳಿದರು, ಒಬ್ಬ ಅಜ್ಜಿಗೆ ಕರೋಕೆ ಪೆಟ್ಟಿಗೆಯೂ ಹೋಯಿತು. ಅದಕ್ಕೆಲ್ಲ ಅವಳ ತಕರಾರಿರಲಿಲ್ಲ. ಕಾಲ ಹೇಗೋ ಹಾಗೆ ಸತ್ತವರು.

ಮಾವ ಅವಳಿಗೆ ಕಲಿಸಿದ ನಿಯಮ ಒಂದೇ: ಉರಿಯದ್ದು ತಲುಪುವುದಿಲ್ಲ. ಅದಕ್ಕೇ ಅವಳ ಕೆಲಸದಲ್ಲಿ ಮೊಳೆ ಇರಲಿಲ್ಲ, ತಂತಿ ಇರಲಿಲ್ಲ, ಪ್ಲಾಸ್ಟಿಕ್ ಇರಲಿಲ್ಲ. ಕಡ್ಡಿಗೆ ಕಡ್ಡಿ ಸೇರುವಲ್ಲಿ ಕಾಗದವನ್ನೇ ಹುರಿ ಮಾಡಿ ಬಿಗಿಯುತ್ತಿದ್ದಳು. ಅವಳ ಅಂಟಂತೂ ಓಣಿಯಲ್ಲೇ ಹೆಸರುವಾಸಿ. ಒಮ್ಮೆ ಹಚ್ಚಿದರೆ ಬೆಂಕಿಯೇ ಬಿಡಿಸಬೇಕು.

ಅಂಗಡಿಯ ಹಿಂದಿನ ಅರ್ಧ ಅವಳದು, ಮುಂದಿನ ಅರ್ಧ ಮೈದುನ ವೆನ್‌ಹಾಯ್‌ನದು. ಅವನು ಕಾರ್ಖಾನೆಯಿಂದ ಬರುವ ಸಿದ್ಧ ಸರಕು ಮಾರುತ್ತಿದ್ದ. ಅವನ ಹೊಸ ಸರಕು ಎಂದರೆ ಕಾಗದದ ಗೇಮಿಂಗ್ ಕಂಪ್ಯೂಟರು. ಒಂದು ಮಗ್ಗುಲಿಗೆ ಪಾರದರ್ಶಕ ಹಾಳೆ, ಒಳಗೆ ನಿಜವಾದ ಪುಟ್ಟ ದೀಪಗಳು; ಗುಂಡಿ ಒತ್ತಿದರೆ ಕೆಂಪಾಗಿ, ಹಸಿರಾಗಿ, ನೀಲಿಯಾಗಿ ಕುಣಿಯುತ್ತಿದ್ದವು.

"ಅತ್ತಿಗೆ, ಈಗಿನ ಹುಡುಗರು ಮಿಣಿಮಿಣಿ ಅನ್ನದ ಕಂಪ್ಯೂಟರ್‌ನ ಮುಟ್ಟೋದೇ ಇಲ್ಲ" ಎನ್ನುತ್ತಿದ್ದ ವೆನ್‌ಹಾಯ್. "ಮೆಮೊರಿ ಕಡ್ಡಿಗೂ ದೀಪ, ಫ್ಯಾನಿಗೂ ದೀಪ, ಇಲಿ ಥರ ಇರೋ ಆ ಮೌಸಿಗೂ ದೀಪ. ಸತ್ತ ಮೇಲೆ ಮಾತ್ರ ಕತ್ತಲಲ್ಲಿ ಕೂತ್ಕೋಬೇಕಾ?"

"ಅದರಲ್ಲಿ ಬ್ಯಾಟರಿ ಇದೆಯಲ್ಲೋ, ಮಂಕೆ! ಹೋದ ತಿಂಗಳು ಸುಡೋ ಕುಲುಮೆಯಲ್ಲಿ ಢಂ ಅಂದಿದ್ದು ಮರೆತ್ಯಾ? ಬೂದಿಲಿ ಕರಿ ಗಂಟು ಉಳೀತು. ಪಾಪ, ಅದು ಹೋಗಬೇಕಿದ್ದ ಹುಡುಗನಿಗೆ ಮುಟ್ಟಿದ್ದು ಬರೀ ಡಬ್ಬಿ."

"ಮುಟ್ಟಿತೋ ಬಿಟ್ಟಿತೋ, ವಾಪಸ್ ಬಂದು ಯಾರೂ ದೂರು ಕೊಟ್ಟಿಲ್ಲ."

ಇಂಥ ಮಾತಿಗೆ ಸೋಖಿಮ್ ಚಾಕುವಿಗೆ ಬಿದಿರು ಕೊಟ್ಟು ಸರ್‍ರನೆ ಸೀಳುತ್ತಿದ್ದಳು, ಅಷ್ಟೆ.

ಪೇರೊಂಗ್ ಬಂದದ್ದು ಒಂದು ಬೆಳಿಗ್ಗೆ, ರಾತ್ರಿ ಪಾಳಿ ಮುಗಿಸಿಕೊಂಡು, ಕಾರ್ಖಾನೆಯ ನೀಲಿ ಅಂಗಿಯಲ್ಲೇ. ನಲವತ್ತು ದಾಟಿದ ಹೆಂಗಸು, ಕಣ್ಣು ಕೆಂಡದಂತೆ ಕೆಂಪಗಿದ್ದವು. ಮಗ ಬೋಯೆನ್ ಊಟ ತಲುಪಿಸುವ ಕೆಲಸದಲ್ಲಿದ್ದ. ಸೇತುವೆಯ ಇಳಿಜಾರಿನಲ್ಲಿ ಸ್ಕೂಟರು ಜಾರಿ ಬಿದ್ದು ಪ್ರಾಣ ಬಿಟ್ಟಿದ್ದ. ವೆನ್‌ಹಾಯ್ ತನ್ನ ಮಿಣಿಮಿಣಿ ಪೆಟ್ಟಿಗೆ ತೋರಿಸಲು ಹೊರಟ. ಅವಳು ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಹಿಂದಕ್ಕೆ ಕೊಟ್ಟಳು.

"ಇದರಲ್ಲಿ ಎರಡು ದೀಪ ಸತ್ತಿವೆ. ಹಸಿರು ಸರಿಯಾಗಿ ಬರ್ತಿಲ್ಲ."

ವೆನ್‌ಹಾಯ್ ಕಣ್ಣು ಕಿರಿದು ಮಾಡಿ ನೋಡಿದ. ಅವನಿಗೆ ಏನೂ ಕಾಣಲಿಲ್ಲ. ಪೇರೊಂಗ್‌ಗೆ ಕಾಣದೇ ಇರುತ್ತದೆಯೇ? ಅವಳ ಕೆಲಸವೇ ಅದು. ಕಂಪ್ಯೂಟರಿನ ಫ್ಯಾನುಗಳ ಸುತ್ತ ಕೂರಿಸುವ ದೀಪದ ಪಟ್ಟಿಗಳು ಅವಳ ಮೇಜಿಗೆ ಬರುತ್ತಿದ್ದವು. ಕೆಂಪು ಹಚ್ಚಿ ನೋಡು, ಹಸಿರು ಹಚ್ಚಿ ನೋಡು, ನೀಲಿ ಹಚ್ಚಿ ನೋಡು, ಸತ್ತದ್ದನ್ನು ಆಚೆ ಎಸೆ. ಪಾಳಿಯಿಡೀ ಅದೇ.

ಅವಳು ಸೀದಾ ಹಿಂದಿನ ಕೋಣೆಗೆ ಬಂದು ಸೋಖಿಮ್ ಎದುರು ನಿಂತಳು. "ಅಕ್ಕಾ, ನೀವು ಕಟ್ಟಿದ್ದು ತಪ್ಪದೆ ತಲುಪುತ್ತೆ ಅಂತಾರೆ. ನನ್ನ ಮಗನಿಗೆ ಒಂದು ಕಂಪ್ಯೂಟರ್ ಕಟ್ಟಿಕೊಡಿ. ದೀಪ ಇರಬೇಕು. ಏಳೂ ಬಣ್ಣ."

"ದೀಪ ಆಗಲ್ಲ ಕಣಮ್ಮ. ಪೆಟ್ಟಿಗೆ ಕಟ್ತೀನಿ, ಪರದೆ ಕಟ್ತೀನಿ, ಕೀಲಿಮಣೆಗೆ ಒಂದೊಂದೇ ಅಕ್ಷರ ಬರೀತೀನಿ. ಬೆಳಕನ್ನ ಕಾಗದದಲ್ಲಿ ಹೇಗೆ ಕಟ್ಟಲಿ?"

"ದೀಪ ಇಲ್ಲದಿದ್ರೆ ನನಗೆ ಬೇಡ." ಹೀಗೆ ಹೇಳಿದ ಮೇಲೆ ಅವಳು ಹೊರಟು ಹೋಗಬೇಕಿತ್ತು. ಹೋಗಲಿಲ್ಲ. ಮೂಲೆಯ ಸ್ಟೂಲಿನ ಮೇಲೆ ಕುಳಿತು ಅಲ್ಲೇ ತೂಕಡಿಸಿದಳು. ಏನು ಮಾಡಬೇಕೋ ತೋಚದೆ ಸೋಖಿಮ್ ಒಪ್ಪಿಕೊಂಡಳು.

ಮೊದಲನೆಯದಕ್ಕೆ ಬಣ್ಣದ ಕಾಗದವನ್ನೇ ಕತ್ತರಿಸಿ ಬಳೆಗಳಂತೆ ಮಾಡಿ ಫ್ಯಾನುಗಳ ಸುತ್ತ ಕೂರಿಸಿದಳು. ಪೇರೊಂಗ್ ಬಂದು ನೋಡಿ, "ಇದು ಪೆಪ್ಪರ್‌ಮೆಂಟಿನ ಕಾಗದ" ಎಂದಳು. ಎರಡನೆಯದಕ್ಕೆ ತೆಳು ಕಾಗದಕ್ಕೆ ಎಣ್ಣೆ ಸವರಿ, ಹಿಂದೆ ಚಿನ್ನದ ಬಣ್ಣದ ಕಾಗದ ಕೊಟ್ಟು, ಕಿಟಕಿಯ ಬಿಸಿಲು ಬಿದ್ದರೆ ಹೊಳೆಯುವಂತೆ ಮಾಡಿದಳು. ಪೇರೊಂಗ್ ಪೆಟ್ಟಿಗೆಯನ್ನು ಎತ್ತಿ ನೆರಳಿಗೆ ಇಟ್ಟಳು. ಹೊಳಪು ಹೋಯಿತು.

"ನೋಡಿ, ಸತ್ತುಹೋಯ್ತು. ಇದು ಪಾಸಾಗಲ್ಲ."

ಸೋಖಿಮ್‌ಗೆ ಮೈ ಪರಚಿಕೊಳ್ಳುವ ಹಾಗಾಯಿತು. ಎಷ್ಟೋ ವರ್ಷದ ಕೈ ಅವಳದು. ಅವಳು ಕಟ್ಟಿದ ಮನೆಗಳ ಮುಂದೆ ಜನ ನಿಂತು ಫೋಟೊ ತೆಗೆಸಿಕೊಂಡು, ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಬೆಂಕಿ ಇಟ್ಟಿದ್ದರು. ಅಂಥ ಕೈಯನ್ನು ಈ ಹೆಂಗಸು ಕಾರ್ಖಾನೆಯ ಮೇಜಿನ ಮೇಲಿಟ್ಟು ತಪಾಸಣೆ ಮಾಡುತ್ತಿದ್ದಾಳೆ! ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ಅಲ್ಲ ಕಣೇ, ನಿನ್ನ ಮಗ ಬದುಕಿದ್ದಾಗ ಅವನ ಹತ್ತಿರ ಇದ್ದದ್ದು ದೀಪದ ಕಂಪ್ಯೂಟರಾ?"

"ಅಲ್ಲ. ಕರೀ ಡಬ್ಬ."

"ದೀಪ ಇಲ್ಲದೇ ಬದುಕಿದ ಹುಡುಗ! ಸತ್ತ ಮೇಲೆ ಯಾಕೆ ಅವನಿಗೆ ಈ ಥಳಕು? ಇದು ಅವನ ಆಸೆಯೋ ನಿನ್ನ ಚಟವೋ?"

ಮಾತು ಬಾಯಿಂದ ಬಿದ್ದ ಮೇಲೆ ಸೋಖಿಮ್‌ಗೇ ಕೆಟ್ಟದೆನಿಸಿತು. ಆದರೆ ಬಾಯಿಂದ ಬಿದ್ದದ್ದು ಬಿತ್ತು.

ಪೇರೊಂಗ್ ಅಳಲಿಲ್ಲ. ಸಿಟ್ಟಿಗೆದ್ದಳು. "ಪ್ರಪಂಚದ ಹುಡುಗರಿಗೆಲ್ಲ ದೀಪ ಹಚ್ಚಿ ಹಚ್ಚಿ ನನ್ನ ಕಣ್ಣು ಹೋಯ್ತು, ಅಕ್ಕಾ. ಅವನ ಗೆಳೆಯರ ಮನೇಲಿ ನೋಡಿದೀನಿ, ಗಾಜಿನ ಪೆಟ್ಟಿಗೆ, ಒಳಗೆ ಹಬ್ಬ. ನನ್ನ ಮಗನದ್ದೊಂದು ಕತ್ತಲೆ. ಮೂರು ಜನಕ್ಕೆ ಒಂದೇ ಕೋಣೆ, ಅದರ ಮೂಲೇಲಿ ಗೋಡೆ ಕಡೆ ತಿರುಗಿಸಿ ಇಟ್ಟುಕೊಂಡಿದ್ದ. ನಾಚಿಕೆ ಆಗಿರಬೇಕು. ಒಂದು ದಿನಾನೂ ಬಾಯಿಬಿಟ್ಟು ಕೇಳಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಅದು ನಮ್ಮನೆ." ಉಸಿರು ತೆಗೆದುಕೊಂಡು ಮತ್ತೆ ಹೇಳಿದಳು: "ಹೆತ್ತವಳು ಮಗನ ಮುಂದೆ ಊದುಬತ್ತಿ ಹಿಡಿಯೋ ಹಾಗಿಲ್ಲ. ಸುಡೋ ಜಾಗಕ್ಕೂ ಬರೋ ಹಾಗಿಲ್ಲ. ಹಿರಿಯರು ಕಿರಿಯರಿಗೆ ತಲೆ ಬಾಗಿಸಬಾರದಂತೆ. ಎಲ್ಲಾ ಅವನ ತಂಗಿ ಮಾಡ್ತಾಳೆ. ನಾನು ಮಾಡೋಕೆ ಉಳಿದಿರೋದು ಇದೊಂದೇ. ಇದೂ ಬೇಡ ಅಂತೀರಾ?"

ಆ ಪದ್ಧತಿ ಸೋಖಿಮ್‌ಗೆ ಗೊತ್ತಿಲ್ಲದ್ದೇನಲ್ಲ. ಆದರೆ ಮಗನಿಗಾಗಿ ಕಟ್ಟಿಸಲು ಬಂದ ತಾಯಂದಿರು ಕಡಿಮೆ. ಚಿಕ್ಕಪ್ಪನೋ ಸೋದರತ್ತೆಯೋ ಬರುತ್ತಾರೆ, ತಾಯಿ ಮನೆಯೊಳಗೆ ಮುಸುಕೆಳೆದು ಮಲಗಿರುತ್ತಾಳೆ. ಇವಳು ಪಾಳಿ ಮುಗಿಸಿ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದಳು.

"ನಾಳೆ ನಿನ್ನ ಮನೆಗೆ ಬರ್ತೀನಿ" ಎಂದಳು ಸೋಖಿಮ್, ಇನ್ನೂ ಸಿಟ್ಟಿನ ದನಿಯಲ್ಲೇ. "ಆ ಕರೀ ಡಬ್ಬ ನೋಡಬೇಕು. ಅಳತೆ ಇಲ್ಲದೇ ನಾನೇನೂ ಕಟ್ಟಲ್ಲ."

ಅಳತೆ ಒಂದು ನೆಪ. ನಿಜದ ಪೆಟ್ಟಿಗೆ ಕಂಡರೆ ಅದರ ಕಪ್ಪನ್ನು ತೋರಿಸಿ ಹೇಗಾದರೂ ಇವಳ ತಲೆಯಿಂದ ದೀಪ ಇಳಿಸಬಹುದು ಎಂಬುದು ಅವಳ ಲೆಕ್ಕ.

ಕಸದ ಲಾರಿ ಹಾಡು ಹಾಕಿಕೊಂಡು ಬರುವ ಸಂಜೆಯ ಹೊತ್ತಿಗೆ ಸೋಖಿಮ್ ಅವರ ಕಟ್ಟಡ ಹತ್ತಿದಳು. ಮೇಲಿನವರೆಲ್ಲ ಕಸದ ಚೀಲ ಹಿಡಿದು ದಡದಡ ಇಳಿಯುತ್ತಿದ್ದರು. ಅವರನ್ನೆಲ್ಲ ತಳ್ಳಿಕೊಂಡು, ಬೈದುಕೊಂಡು ಮೇಲೆ ಹೋದಳು. ಬಾಗಿಲು ತೆಗೆದದ್ದು ಬೋಯೆನ್‌ನ ತಂಗಿ ಯೂನಿಂಗ್, ಶಾಲೆಯ ಸಮವಸ್ತ್ರದಲ್ಲೇ ಇದ್ದ ಹುಡುಗಿ. ಒಳಗೆ ಒಂದೇ ಕೋಣೆ. ಕಿಟಕಿಗೆ ದಪ್ಪನೆಯ ಪರದೆ. ಪೇರೊಂಗ್ ಹಗಲಲ್ಲಿ ಮಲಗುವ ಹಾಸಿಗೆ ಒಂದು ಕಡೆ, ಅದರ ಕಾಲ ಬುಡದಲ್ಲೇ ಹುಡುಗನ ಮೇಜು. ಮೇಜಿನಡಿ ಆ ಕರೀ ಡಬ್ಬ.

ಸೋಖಿಮ್ ನೆಲದ ಮೇಲೆ ಕುಳಿತು ಗೇಣಿನಿಂದ ಉದ್ದ ಅಗಲ ಅಳೆದಳು. ಇನ್ನೊಂದು ಮಗ್ಗುಲು ನೋಡಲೆಂದು ಪೆಟ್ಟಿಗೆಯನ್ನು ಗೋಡೆಯಿಂದ ಈಚೆ ತಿರುಗಿಸಿದಳು. ಆ ಮಗ್ಗುಲು ಪೂರ್ತಿ ಗಾಜು.

"ಗಾಜು!" ಎಂದಳು ಹಾಸಿಗೆಯ ಅಂಚಿನಲ್ಲಿ ಕುಳಿತಿದ್ದ ಪೇರೊಂಗ್.

ಸೋಖಿಮ್ ಗಾಜಿಗೆ ಮೂಗು ತಾಗಿಸಿ ಒಳಗೆ ನೋಡಿದಳು. ಮೂರು ಫ್ಯಾನುಗಳಿದ್ದವು, ಪ್ರತಿಯೊಂದರ ಸುತ್ತಲೂ ಕಪ್ಪು ಟೇಪು. ಒಳಗಿನ ಮೆಮೊರಿ ಕಡ್ಡಿಗಳ ನೆತ್ತಿಯ ಮೇಲೆ ಕಪ್ಪು ಟೇಪು. ಮೂಲೆ ಮೂಲೆಯಲ್ಲಿ, ಉಗುರಿನಷ್ಟು ಜಾಗದಲ್ಲೂ ಟೇಪು. ಸುಮ್ಮನೆ ಮೆತ್ತಿದ್ದಲ್ಲ. ಬಳೆಯ ಬಾಗು ಬಂದಲ್ಲಿ ಸಣ್ಣ ಸಣ್ಣ ಸೀಳು ಕೊಟ್ಟು, ಸುಕ್ಕಿಲ್ಲದಂತೆ, ತುದಿ ಮಡಿಸಿ ಒತ್ತಿದ್ದ ಆ ಹುಡುಗ. ಬಾಗಿಗೆ ಕಾಗದ ಕೂರಿಸುವಾಗ ತಾನೂ ಹಾಗೆಯೇ ಸೀಳು ಕೊಡುವುದು ಎಂದು ಅವಳಿಗೆ ತಟ್ಟನೆ ಹೊಳೆಯಿತು.

"ಇದು ಯಾಕೆ ಹೀಗೆ?" ಎಂದು ಕೇಳಿದಳು.

ಯೂನಿಂಗ್ ಅಮ್ಮನ ಮುಖ ನೋಡಿದಳು. ಉತ್ತರ ಕೊಡದೆ ಬಗ್ಗಿ ಗುಂಡಿ ಒತ್ತಿದಳು. ಫ್ಯಾನುಗಳು ತಿರುಗಿದವು. ಟೇಪಿನ ಅಂಚಿನಲ್ಲಿ, ಕೂದಲೆಳೆಯಷ್ಟು ಸಂದಿನಲ್ಲಿ, ಕೆಂಪು ಓಡಿತು, ಅದರ ಹಿಂದೆ ಹಳದಿ, ಹಸಿರು, ನೀಲಿ. ಒಂದು ಸುತ್ತು ಓಡಿ, ನಿಂತು, ಮತ್ತೆ ಶುರುವಾಯಿತು.

ಪೇರೊಂಗ್ ಮಂಡಿಯೂರಿದಳು. "ಇದು ನಮ್ಮ ಪಟ್ಟಿ ಥರದ್ದೇ" ಎಂದಳು. "ಇಂಥದ್ದೇ. ಇಲ್ಲಿತ್ತಾ? ಇಷ್ಟು ದಿನ ಇಲ್ಲೇ ಇತ್ತಾ?"

"ದೀಪ ಇಲ್ಲದ್ದು ಅಂಗಡೀಲಿ ಸಿಗಲೇ ಇಲ್ವಂತೆ" ಎಂದಳು ಯೂನಿಂಗ್. "ಎಲ್ಲದರಲ್ಲೂ ದೀಪ ಇಟ್ಟೇ ಮಾರ್ತಾರಂತೆ. ಅಣ್ಣ ಮಾರ್ಕೆಟೆಲ್ಲ ಅಲೆದು ಅಂಗಡಿಯವರ ಹತ್ತಿರ ಜಗಳ ಆಡಿ ಬಂದಿದ್ದ."

"ದೀಪ ಆರಿಸಿ ಇಡಬಹುದಿತ್ತಲ್ಲ? ಆರಿಸೋಕೆ ಬರುತ್ತಲ್ಲ?" ಎಂದಳು ಪೇರೊಂಗ್.

"ಬರುತ್ತೆ. ಆದ್ರೆ ಪ್ರತಿಸಲ ಆನ್ ಮಾಡಿದಾಗ ಮೊದಲು ಒಂದು ಸುತ್ತು ಕುಣಿದೇ ಕುಣಿಯುತ್ತೆ. ನೀನು ಹಾಸಿಗೆಲಿ ಹೊರಳಾಡ್ತಿದ್ದೆ. ಕಣ್ಣು ಉರಿಯುತ್ತೆ, ಕಣ್ಣು ಮುಚ್ಚಿದ್ರೂ ಬಣ್ಣ ಓಡುತ್ತೆ ಅಂತ ನೀನೇ ಅಂತಿದ್ದೆಯಲ್ಲಮ್ಮ. ಅದಕ್ಕೆ ಒಂದು ಭಾನುವಾರ ಕೂತು ಎಲ್ಲಾ ಮುಚ್ಚಿದ."

"ನನಗೆ ಯಾಕೆ ಹೇಳಲಿಲ್ಲ ಅವನು?"

"ನೀನು ಕೇಳಲಿಲ್ವಲ್ಲ. ನೀನು ಕೇಳ್ತಿದ್ದದ್ದು 'ಯಾವಾಗ್ಲೂ ಆ ಡಬ್ಬದ ಮುಂದೆ ಏನು ಮಾಡ್ತೀಯೋ' ಅಂತ ಮಾತ್ರ."

ಹುಡುಗಿಗೆ ಅಮ್ಮನನ್ನು ಚುಚ್ಚುವ ಮನಸ್ಸಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಪೇರೊಂಗ್ ಗಾಜಿನ ಮೇಲೆ ಅಂಗೈ ಊರಿ ಕುಳಿತೇ ಇದ್ದಳು; ಬೆರಳುಗಳ ಸಂದಿಯಲ್ಲಿ ನೀಲಿ ಓಡುತ್ತಿತ್ತು. ಸೋಖಿಮ್‌ಗೆ ಅವಳನ್ನು ನೋಡಲಾಗಲಿಲ್ಲ. ಯಾರನ್ನಾದರೂ ಬೈಯಬೇಕೆನಿಸಿತು. ಈ ಹಾಳು ದೀಪಗಳನ್ನು ಮೊದಲು ಕಂಡುಹಿಡಿದವನನ್ನೇ? ದೀಪವಿಲ್ಲದ್ದನ್ನು ಮಾರದ ಅಂಗಡಿಗಳನ್ನೇ? ತಾಯಿಯನ್ನು ಹಗಲು ಮಲಗಿಸುವ ಕಾರ್ಖಾನೆಯನ್ನೇ? ಯಾರೂ ಎದುರಿಗಿರಲಿಲ್ಲ. ಎದ್ದು, ಸೊಂಟ ಹಿಡಿದುಕೊಂಡು, "ಸರಿ, ಈಗ ಗೊತ್ತಾಯ್ತಲ್ಲ, ದೀಪ ಇತ್ತು. ಏಳೂ ಬಣ್ಣ ಹಾಕಿಯೇ ಕಟ್ತೀನಿ. ಟೇಪು ಹಾಕಲ್ಲ. ನಿನ್ನಿಷ್ಟದ ಹಾಗೇ ಆಗಲಿ" ಎಂದಳು.

ಪೇರೊಂಗ್ ತಿರುಗದೆಯೇ ಹೇಳಿದಳು. "ಬೇಡ. ಅವನು ಮಾಡಿದ್ದು ಹೇಗಿದೆಯೋ ಹಾಗೇ ಇರಲಿ. ಟೇಪೂ ಹಾಕಿ."

"ಹಾಕಿದ್ರೆ ಬಣ್ಣ ಕಾಣಲ್ಲ."

"ಅಂಟು ಮಾತ್ರ ತೆಳ್ಳಗೆ ಹಚ್ಚಿ, ಅಕ್ಕಾ. ಅಲ್ಲಿ ಬೇಕಾದ್ರೆ ಅವನೇ ಕಿತ್ತುಕೊಳ್ಳಲಿ. ಅಲ್ಲಿ ನಾನು ಮಲಗಿರಲ್ಲ."

ಮೂರನೆಯದನ್ನು ಕಟ್ಟಲು ಸೋಖಿಮ್‌ಗೆ ಹಿಂದಿನ ಎರಡಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಬಣ್ಣದ ಬಳೆಗಳನ್ನು ಮೊದಲಿನಂತೆಯೇ ಕೂರಿಸಿದಳು, ಒಂದು ಬಣ್ಣ ಇನ್ನೊಂದಕ್ಕೆ ಕರಗಿಹೋಗುವಂತೆ ಕುಂಚದಲ್ಲಿ ತೀಡಿದಳು. ಅದರ ಮೇಲೆ ಕಪ್ಪು ಕಾಗದದ ಪಟ್ಟಿ, ಆ ಹುಡುಗ ಕೊಟ್ಟಂತೆಯೇ ಸಣ್ಣ ಸಣ್ಣ ಸೀಳು ಕೊಟ್ಟು. ಅಂಚಿನಲ್ಲಿ ಕೂದಲೆಳೆಯಷ್ಟು ಬಣ್ಣ ಉಳಿಸಿದಳು. ಹಿಂದಕ್ಕೆ ಸರಿದು ನೋಡಿದಾಗ ಅವಳಿಗೇ ಬೆರಗಾಯಿತು. ಕಪ್ಪಿನ ಕೆಳಗಿನಿಂದ ನಿಜವಾಗಿಯೂ ಏನೋ ಉರಿಯುತ್ತಿರುವಂತೆ ಇತ್ತು. ಎರಡು ಸಲ ಹೆಣಗಿದರೂ ಬರದಿದ್ದ ಬೆಳಕು, ಮುಚ್ಚಿದ ಮೇಲೆ ಬಂದಿತ್ತು.

ಕಷ್ಟವಾದದ್ದು ಅಂಟು. ಕೆಟ್ಟ ಅಂಟು ಮಾಡಿ ಅವಳಿಗೆ ಅಭ್ಯಾಸವೇ ಇರಲಿಲ್ಲ. ನೀರು ಹಾಕಿದಳು, ಕಲಕಿದಳು, ಹಚ್ಚಿದಳು, ಎಳೆದು ನೋಡಿದಳು, ಇನ್ನೂ ಗಟ್ಟಿ. ಮತ್ತೆ ನೀರು ಹಾಕಿದಳು. ವೆನ್‌ಹಾಯ್ ಇಣುಕಿ ನೋಡಿ, "ಅತ್ತಿಗೆ, ಇದೇನು ಅಂಟೋ ಗಂಜಿನೀರೋ? ಸಾಗಿಸೋವಾಗಲೇ ಬಿಟ್ಟುಕೊಳ್ಳುತ್ತೆ. ನಿಮ್ಮ ಮಾನ ಹೋಗುತ್ತೆ" ಎಂದ.

"ನನ್ನ ಮಾನ ನಾನು ನೋಡ್ಕೋತೀನಿ. ನೀನು ನಿನ್ನ ಬ್ಯಾಟರಿ ನೋಡ್ಕೋ ಹೋಗು."

ಸತ್ತವರಿಗೆ ಏಳೇಳು ದಿನಕ್ಕೊಮ್ಮೆ ಮಾಡುವ ಪೂಜೆಗಳಲ್ಲಿ ಕೊನೆಯದಕ್ಕೆ, ನಲವತ್ತೊಂಬತ್ತನೇ ದಿನ, ಪೆಟ್ಟಿಗೆ ಹೋಯಿತು. ಯೂನಿಂಗ್ ಅದನ್ನು ಮಗುವಿನಂತೆ ಎದೆಗವಚಿಕೊಂಡು, ಚಿಕ್ಕಪ್ಪನ ಕಾರಿನಲ್ಲಿ ಸುಡುವ ಜಾಗಕ್ಕೆ ಹೊರಟಳು. ಪೇರೊಂಗ್ ಹೋಗುವಂತಿರಲಿಲ್ಲ. ಮನೆಗೂ ಹೋಗದೆ ಸೋಖಿಮ್‌ಳ ಸ್ಟೂಲಿನ ಮೇಲೆ ಬಂದು ಕುಳಿತಳು. ಸೋಖಿಮ್ ಸೋಯಾ ಹಾಲು ತರಿಸಿಕೊಟ್ಟಳು. ಅವಳು ಕುಡಿಯಲಿಲ್ಲ.

"ಕುಡಿಯೇ. ಹಾಲಿನ ಮೇಲೆ ಯಾಕೆ ಸಿಟ್ಟು?"

"ಸಿಟ್ಟಿಲ್ಲ ಅಕ್ಕಾ. ಯೂನಿಂಗ್ ಬರಲಿ, ಆಮೇಲೆ ಕುಡೀತೀನಿ."

ಎದುರಿನ ಅಡಿಕೆ ಅಂಗಡಿಯ ನೇರಳೆ ಬೆಳಕು ಹೊಸ್ತಿಲು ದಾಟಿ ಅವಳ ಚಪ್ಪಲಿಯ ಮೇಲೆ ಬಿದ್ದಿತ್ತು. ಸೋಖಿಮ್ ಎದ್ದುಹೋಗಿ ಆ ಹುಡುಗಿಗೆ ಏನೋ ಕೂಗಿದಳು. ಆ ಹುಡುಗಿಯೂ ಏನೋ ತಿರುಗಿ ಕೂಗಿದಳು. ದೀಪ ಆರಲಿಲ್ಲ. ಸೋಖಿಮ್ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಬಂದು ಕುಳಿತಳು.

ಮಧ್ಯಾಹ್ನದ ಹೊತ್ತಿಗೆ ಯೂನಿಂಗ್ ಬಂದಳು, ತಲೆಗೂದಲ ತುಂಬ ಬೂದಿ. ಪೇರೊಂಗ್ ಎದ್ದು ನಿಂತಳು. ಸೋಖಿಮ್‌ಗೆ ತಡೆಯಲಾಗಲಿಲ್ಲ.

"ಪೂರ್ತಿ ಉರೀತಾ? ಏನಾದ್ರೂ ಉಳೀತಾ?"

"ಏನೂ ಉಳೀಲಿಲ್ಲ ದೊಡ್ಡಮ್ಮ. ಆದ್ರೆ..." ಹುಡುಗಿ ಅಮ್ಮನ ಕಡೆ ತಿರುಗಿದಳು. "ಬೆಂಕಿ ಹತ್ತೋ ಮುಂಚೇನೇ ಕಾವಿಗೆ ಟೇಪೆಲ್ಲ ಬಿಟ್ಟುಕೊಳ್ತು ಅಮ್ಮ. ಒಂದೊಂದೇ. ಯಾರೋ ಕಿತ್ತ ಹಾಗೆ. ಆಮೇಲೆ ಎಲ್ಲಾ ಬಣ್ಣ ಕಾಣ್ತು."

"ಎಲ್ಲಾ?"

"ಏಳೂ."

ಪೇರೊಂಗ್ ತಲೆಯಾಡಿಸಿದಳು. ಆರಿದ ಸೋಯಾ ಹಾಲನ್ನು ಎತ್ತಿ ಒಂದೇ ಉಸಿರಿಗೆ ಕುಡಿದು, ಲೋಟ ಕೆಳಗಿಟ್ಟು, ಗೋಡೆಗೆ ತಲೆ ಆನಿಸಿದಳು. ರಾತ್ರಿ ಮತ್ತೆ ಪಾಳಿಯಿತ್ತು. ಹೊಸ ಫ್ಯಾನಿಗೆಂದು ಇನ್ನೂ ಹೆಚ್ಚು ದೀಪಗಳಿರುವ ಪಟ್ಟಿ ಬಂದಿದೆ ಎಂದು ಮೇಲ್ವಿಚಾರಕ ಫೋನು ಮಾಡಿದ್ದ. ಸ್ವಲ್ಪ ಹೊತ್ತಿನಲ್ಲೇ ಅವಳಿಗೆ ನಿದ್ದೆ ಹತ್ತಿತು. ಅಂಗಡಿಯ ಕಿಟಕಿಯಿಂದ ಅವಳ ಮುಖದ ಮೇಲೆ ನೇರಳೆ ಬೆಳಕು ಬೀಳುತ್ತಿತ್ತು.

ಸೋಖಿಮ್ ಉಳಿದಿದ್ದ ಕಪ್ಪು ಕಾಗದದ ಹಾಳೆ ಮತ್ತು ಗಟ್ಟಿ ಅಂಟಿನ ಡಬ್ಬಿ ತೆಗೆದುಕೊಂಡು ಕಿಟಕಿಯ ಹತ್ತಿರ ಹೋದಳು.